ಜೋಗೇಶ್ವರಿಯ ಕನ್ನಡ ಮಕ್ಕಳ ಕಾಲೇಜು ಶುಲ್ಕಕ್ಕೆ ಎಲ್ಲೆಲ್ಲಿ ಸಿಗುತ್ತೆ ನೆರವು? ವಿದ್ಯಾರ್ಥಿವೇತನದ ಸಂಪೂರ್ಣ ಮಾಹಿತಿ ಇಲ್ಲಿದೆ

ಮುಂಬೈ: ಹನ್ನೆರಡನೇ ತರಗತಿಯ ಫಲಿತಾಂಶ ಬಂದ ದಿನ ಮನೆಯಲ್ಲಿ ಪೇಡೆ ಹಂಚುತ್ತಾರೆ. ಅದಾಗಿ ಒಂದು ವಾರಕ್ಕೆ ಕಾಲೇಜಿನ ಶುಲ್ಕದ ಪಟ್ಟಿ ಕೈಗೆ ಬರುತ್ತದೆ. ಆಮೇಲೆ ಅಪ್ಪ ಹೋಟೆಲ್ ಮಾಲೀಕರ ಬಳಿ ಮುಂಗಡ ಕೇಳುವುದು, ಅಮ್ಮ ಬಳೆ ಅಡವಿಡುವುದು ಶುರುವಾಗುತ್ತದೆ. ಜೋಗೇಶ್ವರಿಯಂತಹ ಮುಂಬೈ ಉಪನಗರಗಳಲ್ಲಿ ನೆಲೆಸಿರುವ ಕನ್ನಡ, ತುಳು ಕುಟುಂಬಗಳಿಗೆ ಇದು ಹೊಸ ಕಥೆಯಲ್ಲ.

ಸರ್ಕಾರದ ಯೋಜನೆಗಳಿವೆ, ಸಂಘಗಳ ನೆರವಿದೆ, ಟ್ರಸ್ಟ್‌ಗಳೂ ಇವೆ. ಆದರೂ ಹಣ ಕೈಗೆ ಸಿಗುವುದಿಲ್ಲ. ಹೊರನಾಡ ಕನ್ನಡಿಗರ ವಿಷಯದಲ್ಲಿ ಇದಕ್ಕೆ ಮುಖ್ಯ ಕಾರಣ ಅಂಕ ಕಡಿಮೆಯಾಗಿದ್ದಲ್ಲ. ಅಜ್ಜನ ಜಾತಿ ಪ್ರಮಾಣಪತ್ರ ಉಡುಪಿಯಲ್ಲಿ, ಅಪ್ಪನ ರೇಷನ್ ಕಾರ್ಡ್ ಜೋಗೇಶ್ವರಿಯಲ್ಲಿ, ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬಂಟ್ವಾಳದಲ್ಲಿ. ಹೀಗೆ ದಾಖಲೆಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿರುತ್ತವೆ. ಯಾವ ಬಾಗಿಲು ತಟ್ಟಬೇಕು ಎಂಬುದು ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಹಾಗಾಗಿ ಅರ್ಜಿ ತುಂಬುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ.

ಕಾಗದದಲ್ಲಿ ನೀವು ಯಾವ ರಾಜ್ಯದವರು?

ಮನಸ್ಸಿನಲ್ಲಿ ನೀವು ಎರಡೂ ಊರಿನವರಿರಬಹುದು. ಆದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಒಂದೇ ರಾಜ್ಯ ಲೆಕ್ಕಕ್ಕೆ ಬರುತ್ತದೆ. ಮುಂಬೈ ಕನ್ನಡ ಕುಟುಂಬಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ನೋಡಬಹುದು.

1. ಅಜ್ಜನ ಕಾಲದಿಂದಲೂ ಮುಂಬೈಯಲ್ಲಿದ್ದು, ಅದಕ್ಕೆ ಹಳೆಯ ದಾಖಲೆ ಇರುವವರು.

2. ತಂದೆ ತಾಯಿ ನಂತರದ ವರ್ಷಗಳಲ್ಲಿ ಬಂದವರು. ಮಕ್ಕಳು ಇಲ್ಲೇ ಹುಟ್ಟಿ, ಹತ್ತು ಮತ್ತು ಹನ್ನೆರಡನೇ ತರಗತಿಯನ್ನು ಇಲ್ಲೇ ಮುಗಿಸಿದವರು.

3. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ, ಕಾಲೇಜು ಓದಲು ಮುಂಬೈಯ ಮಾವನ ಮನೆಗೋ ಚಿಕ್ಕಪ್ಪನ ಮನೆಗೋ ಬಂದವರು.

ಮೊದಲ ಎರಡು ಗುಂಪಿನವರು ಮಹಾರಾಷ್ಟ್ರದ ಡೊಮಿಸೈಲ್ ಅಂದರೆ ವಾಸಸ್ಥಳ ಪ್ರಮಾಣಪತ್ರ ಪಡೆಯಬಹುದು. ಇದಕ್ಕೆ ಸಾಮಾನ್ಯವಾಗಿ 15 ವರ್ಷ ರಾಜ್ಯದಲ್ಲಿ ವಾಸವಿದ್ದ ಪುರಾವೆ ಬೇಕು. ಜೋಗೇಶ್ವರಿ ಅಂಧೇರಿ ತಾಲೂಕಿಗೆ ಸೇರುವುದರಿಂದ ಅರ್ಜಿ ಅಂಧೇರಿ ತಹಶೀಲ್ದಾರ್ ಕಚೇರಿಗೆ ಹೋಗುತ್ತದೆ. 'ಆಪ್ಲೆ ಸರ್ಕಾರ್' ಪೋರ್ಟಲ್‌ನಲ್ಲಿ ಮನೆಯಿಂದಲೇ ಅಥವಾ ಹತ್ತಿರದ ಸೇತು ಕೇಂದ್ರದಿಂದಲೂ ಸಲ್ಲಿಸಬಹುದು. ಮೂರನೇ ಗುಂಪಿನವರಿಗೆ ಮಹಾರಾಷ್ಟ್ರದ ಯೋಜನೆಗಳು ಸಿಗುವುದಿಲ್ಲ. ಅವರು ಕರ್ನಾಟಕದ ಮತ್ತು ಕೇಂದ್ರದ ಯೋಜನೆಗಳತ್ತ ನೋಡಬೇಕು.

ಜಾತಿ ಪ್ರಮಾಣಪತ್ರ ಗಡಿ ದಾಟುವುದಿಲ್ಲ

ಅತಿ ಹೆಚ್ಚು ಕುಟುಂಬಗಳು ಎಡವುವುದು ಇಲ್ಲಿ. ಊರಿನ ತಹಶೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿ ಅಥವಾ ಹಿಂದುಳಿದ ವರ್ಗದ ಪ್ರಮಾಣಪತ್ರ ಹಿಡಿದು ಮುಂಬೈ ಕಾಲೇಜಿಗೆ ಹೋದರೆ, ರಾಜ್ಯದ ಮೀಸಲಾತಿ ಮತ್ತು ವಿದ್ಯಾರ್ಥಿವೇತನಕ್ಕೆ ಅದು ನಡೆಯುವುದಿಲ್ಲ.

ಈ ಬಗ್ಗೆ ದೇಶಕ್ಕೇ ಅನ್ವಯಿಸುವ ತೀರ್ಪು ಬಂದದ್ದು ಮುಂಬೈಯ ಪ್ರಕರಣವೊಂದರಲ್ಲಿ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದ ಕುಟುಂಬವೊಂದು ತಂದೆಯ ಉದ್ಯೋಗದ ಕಾರಣ ಮುಂಬೈಗೆ ಬಂದಿತ್ತು. ಇಲ್ಲೇ ಓದಿದ ಮಗ ಮೆಡಿಕಲ್ ಸೀಟು ಕೇಳಿದಾಗ ಮೀಸಲಾತಿ ಸಿಗಲಿಲ್ಲ. ಪರೇಲ್‌ನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ಡೀನ್ ಪ್ರತಿವಾದಿಯಾಗಿದ್ದ ಆ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ತೀರ್ಪು ನೀಡಿತು. ಪರಿಶಿಷ್ಟ ಜಾತಿ, ಪಂಗಡದ ಸ್ಥಾನಮಾನ ಆಯಾ ರಾಜ್ಯಕ್ಕೆ ಸೀಮಿತ. ವಲಸೆ ಹೋದವರ ಜೊತೆಗೆ ಅದು ಮತ್ತೊಂದು ರಾಜ್ಯಕ್ಕೆ ಹೋಗುವುದಿಲ್ಲ ಎಂಬುದು ಅದರ ಸಾರ.

ಹಾಗಾದರೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಯಾರಿಗೆ ಸಿಗುತ್ತದೆ? ಕುಟುಂಬ ಒಂದು ನಿರ್ದಿಷ್ಟ ದಿನಾಂಕಕ್ಕೆ ಮೊದಲೇ ಈ ರಾಜ್ಯದಲ್ಲಿತ್ತು ಎಂದು ತೋರಿಸಬೇಕು. ಜೊತೆಗೆ ಆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲೂ ಇರಬೇಕು. ದಿನಾಂಕಗಳು ಹೀಗಿವೆ:

ಪರಿಶಿಷ್ಟ ಜಾತಿ: 1950ರ ಆಗಸ್ಟ್ 10
ಪರಿಶಿಷ್ಟ ಪಂಗಡ: 1950ರ ಸೆಪ್ಟೆಂಬರ್ 6
ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟು: 1961ರ ನವೆಂಬರ್ 21
ಇತರೆ ಹಿಂದುಳಿದ ವರ್ಗ ಹಾಗೂ ವಿಶೇಷ ಹಿಂದುಳಿದ ವರ್ಗ: 1967ರ ಅಕ್ಟೋಬರ್ 13

ಅಜ್ಜ ಓದಿದ್ದ ಮುನ್ಸಿಪಲ್ ಶಾಲೆಯ ದಾಖಲಾತಿ, ಗಿರಣಿ ಕೆಲಸದ ಚೀಟಿ, ಹಳೆಯ ಬಾಡಿಗೆ ರಸೀದಿಗಳು ಬೆಲೆ ಪಡೆಯುವುದು ಇಲ್ಲೇ. ಮನೆ ಬದಲಿಸುವಾಗ ಇವನ್ನು ರದ್ದಿಗೆ ಹಾಕಬೇಡಿ. ವೃತ್ತಿಪರ ಕೋರ್ಸ್‌ಗಳಿಗೆ ಜಾತಿ ಪ್ರಮಾಣಪತ್ರದ ಜೊತೆಗೆ ಪರಿಶೀಲನಾ ಸಮಿತಿಯ ಸಿಂಧುತ್ವ ಪ್ರಮಾಣಪತ್ರವೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಹನ್ನೊಂದನೇ ತರಗತಿಯಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ಆ ದಿನಾಂಕದ ಪುರಾವೆ ಇಲ್ಲದವರು ಕೈಚೆಲ್ಲಬೇಕಿಲ್ಲ. ತಂದೆಯ ಮೂಲ ರಾಜ್ಯದ ಪ್ರಮಾಣಪತ್ರ ಆಧರಿಸಿ ವಲಸಿಗರಿಗೆ ಪ್ರತ್ಯೇಕ ಜಾತಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಇದೆ. ಅದು ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಅಂದರೆ, ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಪೊವಾಯಿಯ ಐಐಟಿ ಬಾಂಬೆಯಲ್ಲಿ ಸಿಗುವ ಸೌಲಭ್ಯ, ಮನೆ ಪಕ್ಕದ ರಾಜ್ಯ ಸರ್ಕಾರದ ಕಾಲೇಜಿನಲ್ಲಿ ಸಿಗದೇ ಇರಬಹುದು. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ವಿಶೇಷಚೇತನ ವಿದ್ಯಾರ್ಥಿಗಳಿಗೆ ಬಿ.ಟೆಕ್ ಬೋಧನಾ ಶುಲ್ಕ ಪೂರ್ತಿ ಮನ್ನಾ ಇದೆ. ಉಳಿದವರಿಗೂ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ರೂ.ಗಿಂತ ಕಡಿಮೆ ಇದ್ದರೆ ಪೂರ್ತಿ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಬೋಧನಾ ಶುಲ್ಕ ಮನ್ನಾ ಆಗುತ್ತದೆ.

ಮೊದಲ ಉಳಿತಾಯ: ಕಾಲೇಜು, ಕೋರ್ಸ್ ಆಯ್ಕೆಯಲ್ಲೇ

ವಿದ್ಯಾರ್ಥಿವೇತನ ಹುಡುಕುವ ಮೊದಲು ಶುಲ್ಕವೇ ಕಡಿಮೆ ಇರುವ ದಾರಿ ಇದೆಯೇ ನೋಡಿ. ಮುಂಬೈಯ ಬಹಳಷ್ಟು ಹಳೆಯ ಕಾಲೇಜುಗಳಲ್ಲಿ ಒಂದೇ ಕಟ್ಟಡದೊಳಗೆ ಎರಡು ಬಗೆಯ ಕೋರ್ಸ್‌ಗಳಿರುತ್ತವೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂತಹ ಸಾಂಪ್ರದಾಯಿಕ ಕೋರ್ಸ್‌ಗಳು ಅನುದಾನಿತ. ಅಲ್ಲಿ ಅಧ್ಯಾಪಕರ ಸಂಬಳ ಸರ್ಕಾರ ಕೊಡುತ್ತದೆ, ಹಾಗಾಗಿ ಶುಲ್ಕ ಕಡಿಮೆ. ಬಿಎಂಎಸ್, ಅಕೌಂಟಿಂಗ್ ಅಂಡ್ ಫೈನಾನ್ಸ್, ಬಿ.ಎಸ್ಸಿ. ಐಟಿಯಂತಹವು ಸಾಮಾನ್ಯವಾಗಿ ಸ್ವ-ಹಣಕಾಸಿನ ಕೋರ್ಸ್‌ಗಳು. ಅವುಗಳ ಶುಲ್ಕ ಹಲವು ಪಟ್ಟು ಹೆಚ್ಚು. ಪ್ರವೇಶ ಪಡೆಯುವಾಗ 'ಇದು ಅನುದಾನಿತ ವಿಭಾಗವೇ?' ಎಂದು ಕೇಳುವುದೊಂದೇ ಪ್ರಶ್ನೆ ಮೂರು ವರ್ಷದಲ್ಲಿ ದೊಡ್ಡ ಮೊತ್ತ ಉಳಿಸಬಲ್ಲದು.

ಜೋಗೇಶ್ವರಿ ಪೂರ್ವದಲ್ಲೇ ಇರುವ ಇಸ್ಮಾಯಿಲ್ ಯೂಸುಫ್ ಕಾಲೇಜು 1930ರಲ್ಲಿ ಶುರುವಾದ ಸರ್ಕಾರಿ ಕಾಲೇಜು. ಕಲೆ, ವಿಜ್ಞಾನ ಮತ್ತು ವಾಣಿಜ್ಯ ಮೂರೂ ವಿಭಾಗಗಳು ಇಲ್ಲಿವೆ. ನಡೆದೇ ಹೋಗಬಹುದಾದ ಸರ್ಕಾರಿ ಕಾಲೇಜು ಎಂದರೆ ಲೋಕಲ್ ರೈಲಿನ ಪಾಸ್, ಹೊರಗಿನ ಊಟದ ಖರ್ಚೂ ಉಳಿಯುತ್ತದೆ. ಖರ್ಚಿನ ಲೆಕ್ಕ ಹಾಕುವಾಗ ಶುಲ್ಕವನ್ನಷ್ಟೇ ಅಲ್ಲ, ಇವನ್ನೂ ಸೇರಿಸಿ.

ಭಾಷಾ ಅಲ್ಪಸಂಖ್ಯಾತ ಕೋಟಾವನ್ನೂ ಮರೆಯಬೇಡಿ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಎಸ್.ಎಂ. ಶೆಟ್ಟಿ ಕಾಲೇಜು ನಡೆಸುವ ಬಂಟರ ಸಂಘದಂತಹ ಕನ್ನಡಿಗರ ಸಂಸ್ಥೆಗಳಲ್ಲಿ ಪ್ರವೇಶ ಕೇಳುವಾಗ ಈ ಕೋಟಾದ ಬಗ್ಗೆ ವಿಚಾರಿಸಿ. ಶಾಲಾ ವರ್ಗಾವಣೆ ಪತ್ರದಲ್ಲಿ ಮಾತೃಭಾಷೆ ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

ಮಹಾಡಿಬಿಟಿ: ಮಹಾರಾಷ್ಟ್ರ ಸರ್ಕಾರದ ಎಲ್ಲ ಯೋಜನೆಗೆ ಒಂದೇ ಬಾಗಿಲು

ಮಹಾರಾಷ್ಟ್ರ ಸರ್ಕಾರದ ಕಾಲೇಜು ಮಟ್ಟದ ಬಹುತೇಕ ವಿದ್ಯಾರ್ಥಿವೇತನಗಳಿಗೆ ಮಹಾಡಿಬಿಟಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಮುಂಬೈ ಕನ್ನಡಿಗರಿಗೆ ಹೆಚ್ಚು ಉಪಯೋಗವಾಗುವ ಯೋಜನೆಗಳು ಇವು:

ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಕ್ಷಣ ಶುಲ್ಕ ಯೋಜನೆ: ಕಾಲೇಜುಗಳಲ್ಲಿ ಇದನ್ನು ಇಬಿಸಿ ಎಂದೇ ಕರೆಯುತ್ತಾರೆ. ಜಾತಿ ಪ್ರಮಾಣಪತ್ರ ಸಿಗದ ಕನ್ನಡ ಕುಟುಂಬಗಳಿಗೆ ಇದು ಬಹಳ ಮುಖ್ಯ. ಏಕೆಂದರೆ ಇದು ಸಾಮಾನ್ಯ ವರ್ಗದವರಿಗೂ ಇರುವ ಯೋಜನೆ. ಮಹಾರಾಷ್ಟ್ರದ ಡೊಮಿಸೈಲ್ ಇರಬೇಕು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಬಾರದು. ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದ ಶೇ. 50ರಷ್ಟನ್ನು ಸರ್ಕಾರ ಭರಿಸುತ್ತದೆ. ಒಂದು ಕುಟುಂಬದ ಇಬ್ಬರು ಮಕ್ಕಳಿಗೆ ಮಾತ್ರ ಸಿಗುತ್ತದೆ. ವೃತ್ತಿಪರ ಕೋರ್ಸ್‌ಗಳಲ್ಲಿ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ ಅಂದರೆ ಕ್ಯಾಪ್ ಮೂಲಕವೇ ಸೀಟು ಪಡೆದಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಮತ್ತು ಡೀಮ್ಡ್ ವಿಶ್ವವಿದ್ಯಾಲಯದವರಿಗೆ ಇಲ್ಲ.

ಹೆಣ್ಣುಮಕ್ಕಳಿಗೆ ಪೂರ್ತಿ ಶುಲ್ಕ: 2024ರ ಜುಲೈ 8ರ ಸರ್ಕಾರಿ ಆದೇಶದಂತೆ, 2024-25ರಿಂದ ವೃತ್ತಿಪರ ಕೋರ್ಸ್‌ಗಳಿಗೆ ಸೇರುವ ಆರ್ಥಿಕವಾಗಿ ದುರ್ಬಲ, ಎಸ್‌ಇಬಿಸಿ ಮತ್ತು ಒಬಿಸಿ ವರ್ಗದ ವಿದ್ಯಾರ್ಥಿನಿಯರಿಗೆ ಶೇ. 50ರ ಬದಲು ಶೇ. 100ರಷ್ಟು ಬೋಧನಾ ಮತ್ತು ಪರೀಕ್ಷಾ ಶುಲ್ಕದ ಲಾಭವಿದೆ. ಆದಾಯ ಮಿತಿ ಇಲ್ಲೂ 8 ಲಕ್ಷ ರೂ. ಮಗಳನ್ನು ಎಂಜಿನಿಯರಿಂಗ್ ಅಥವಾ ಫಾರ್ಮಸಿಗೆ ಸೇರಿಸಲು ಹಿಂಜರಿಯುತ್ತಿರುವ ಮನೆಗಳು ಈ ಆದೇಶವನ್ನು ಗಮನಿಸಬೇಕು.

ಪರಿಶಿಷ್ಟ ಜಾತಿ, ಪಂಗಡದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ: ಕುಟುಂಬದ ಆದಾಯ 2.5 ಲಕ್ಷ ರೂ. ಒಳಗಿದ್ದರೆ ಶುಲ್ಕದ ಜೊತೆಗೆ ನಿರ್ವಹಣಾ ಭತ್ಯೆಯೂ ಸಿಗುತ್ತದೆ. ಪರಿಶಿಷ್ಟ ಜಾತಿಯವರಲ್ಲಿ ಆದಾಯ ಇದಕ್ಕಿಂತ ಹೆಚ್ಚಿದ್ದರೆ ಭತ್ಯೆ ಇಲ್ಲದ, ಶುಲ್ಕ ಮಾತ್ರ ಭರಿಸುವ 'ಫ್ರೀಶಿಪ್' ಯೋಜನೆಗೆ ಅರ್ಜಿ ಹಾಕಬಹುದು.

ಇವಲ್ಲದೆ ಅಲ್ಪಸಂಖ್ಯಾತ ಧರ್ಮದ ವಿದ್ಯಾರ್ಥಿಗಳಿಗೆ ಉನ್ನತ ಮತ್ತು ವೃತ್ತಿಪರ ಶಿಕ್ಷಣದ ಯೋಜನೆ, ಹಾಸ್ಟೆಲ್ ಖರ್ಚಿಗೆ ಡಾ. ಪಂಜಾಬರಾವ್ ದೇಶಮುಖ್ ನಿರ್ವಹಣಾ ಭತ್ಯೆ ಕೂಡ ಇದೇ ಪೋರ್ಟಲ್‌ನಲ್ಲಿವೆ.

ಕರ್ನಾಟಕದವರಾಗಿ ಉಳಿದವರಿಗೆ ಎಸ್‌ಎಸ್‌ಪಿ

ಮೂರನೇ ಗುಂಪಿನವರಿಗೆ ಒಂದು ಮುಖ್ಯ ನಿಯಮ ಗೊತ್ತಿರಬೇಕು. ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ವಿದ್ಯಾರ್ಥಿ ಎಲ್ಲಿ ಓದುತ್ತಿದ್ದಾನೆ ಎಂಬುದಕ್ಕಿಂತ ಯಾವ ರಾಜ್ಯಕ್ಕೆ ಸೇರಿದವನು ಎಂಬುದು ಮುಖ್ಯ. ಹೊರರಾಜ್ಯದಲ್ಲಿ ಓದುತ್ತಿದ್ದರೂ ಸ್ವಂತ ರಾಜ್ಯವೇ ವಿದ್ಯಾರ್ಥಿವೇತನ ನೀಡಬೇಕು. ಆದ್ದರಿಂದ ಕರ್ನಾಟಕದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇರುವವರು ಮುಂಬೈಯಲ್ಲಿ ಓದುತ್ತಿದ್ದರೂ ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯನ್ನು ನೋಡಬೇಕು. ಮುಂಬೈ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ ಜೊತೆಗಿರಲಿ. ಅನುಮಾನವಿದ್ದರೆ ಊರಿನ ಜಿಲ್ಲಾ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ.

ಊರಿನ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 30,000 ರೂ. ಸಿಗುವ ಈ ಯೋಜನೆಯ 2025-26ರ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಊರಲ್ಲೇ ಇರುವ ತಂಗಿಗೂ ಇದನ್ನು ತಿಳಿಸಿ.

ಮುಂಬೈಯಲ್ಲಿ ಓದಿದ ಮಕ್ಕಳು ಕರ್ನಾಟಕದಲ್ಲಿ ವೃತ್ತಿಪರ ಕೋರ್ಸ್ ಸೇರಲು ಬಯಸಿದರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ ಹೊರನಾಡು ಕನ್ನಡಿಗ, ಗಡಿನಾಡು ಕನ್ನಡಿಗ ವಿಭಾಗಗಳನ್ನು ಓದಿ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವವರಿಗೆ ಇರುವ ಈ ವಿಭಾಗದಲ್ಲಿ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಓದಲು, ಬರೆಯಲು ಕಲಿಸಿದ್ದು ಇಂತಹ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಯಾವ ರಾಜ್ಯದವರಾದರೂ ಸರಿ: ಕೇಂದ್ರದ ಯೋಜನೆಗಳು

ಡೊಮಿಸೈಲ್ ಗೊಂದಲದಲ್ಲಿ ಸಿಲುಕಿದವರು ಮೊದಲು ನೋಡಬೇಕಾದದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅಂದರೆ ಎನ್‌ಎಸ್‌ಪಿ. ಇಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಿಕೊಂಡು ಒಟಿಆರ್ ಸಂಖ್ಯೆ ಪಡೆಯಬೇಕು.

ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ: ಹನ್ನೆರಡನೇ ತರಗತಿಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 20ರ ಸಾಲಿನಲ್ಲಿ ಬಂದಿರುವ, ಕುಟುಂಬದ ಆದಾಯ 4.5 ಲಕ್ಷ ರೂ. ಮೀರದ ವಿದ್ಯಾರ್ಥಿಗಳಿಗೆ. ಪದವಿಯ ಮೂರು ವರ್ಷ ತಲಾ 12,000 ರೂ., ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000 ರೂ. ದೇಶದಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳು, ಅರ್ಧದಷ್ಟು ಹುಡುಗಿಯರಿಗೆ. ಮುಂದಿನ ವರ್ಷ ನವೀಕರಿಸಲು ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಬೇಕು. ಇದನ್ನು ಪಡೆಯುವವರು ಮತ್ತೊಂದು ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಯಾವುದರಲ್ಲಿ ಮೊತ್ತ ಹೆಚ್ಚು ಎಂದು ಲೆಕ್ಕ ಹಾಕಿಯೇ ಆಯ್ದುಕೊಳ್ಳಿ.

ಎಐಸಿಟಿಇ ಪ್ರಗತಿ ಮತ್ತು ಸಕ್ಷಮ್: ಎಐಸಿಟಿಇ ಮಾನ್ಯತೆಯ ಸಂಸ್ಥೆಯಲ್ಲಿ ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಪ್ರಗತಿ ಯೋಜನೆಯಲ್ಲಿ ವರ್ಷಕ್ಕೆ 50,000 ರೂ. ಆದಾಯ ಮಿತಿ 8 ಲಕ್ಷ ರೂ., ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರಿಗೆ ಸಕ್ಷಮ್ ಯೋಜನೆಯಲ್ಲಿ ಇಷ್ಟೇ ಮೊತ್ತ.

ಬೀಡಿ ಕಾರ್ಮಿಕರ ಮಕ್ಕಳಿಗೆ: ಕರಾವಳಿಯಲ್ಲಿ ಅಪ್ಪ ಮುಂಬೈ ಹೋಟೆಲ್‌ನಲ್ಲಿ, ಅಮ್ಮ ಊರಲ್ಲಿ ಬೀಡಿ ಕಟ್ಟುತ್ತಾ ಮಕ್ಕಳನ್ನು ಓದಿಸಿದ ಮನೆಗಳು ಸಾಕಷ್ಟಿವೆ. ಅಮ್ಮನ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಸಚಿವಾಲಯದ ಯೋಜನೆಗೆ ಎನ್‌ಎಸ್‌ಪಿಯಲ್ಲೇ ಅರ್ಜಿ ಹಾಕಬಹುದು. ಸಾಮಾನ್ಯ ಪದವಿಗೆ ವರ್ಷಕ್ಕೆ 6,000 ರೂ., ವೃತ್ತಿಪರ ಕೋರ್ಸ್‌ಗೆ 25,000 ರೂ. ಸಿಗುತ್ತದೆ.

ಅಪ್ಪ ಅಮ್ಮ ಮಾಡುವ ಕೆಲಸದಿಂದಲೂ ಸಿಗುತ್ತದೆ ಹಣ

ಜಾತಿ, ಅಂಕಗಳ ಆಚೆ ಪೋಷಕರ ಉದ್ಯೋಗವೇ ಅರ್ಹತೆಯಾಗುವ ಯೋಜನೆಗಳಿವೆ. ಹೆಚ್ಚಿನವರಿಗೆ ಇವು ಗೊತ್ತೇ ಇರುವುದಿಲ್ಲ.

ಕಟ್ಟಡ ಕಾರ್ಮಿಕರು: ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಮುಂಬೈಯಲ್ಲಿ ಗಾರೆ, ಸೆಂಟ್ರಿಂಗ್ ಕೆಲಸ ಮಾಡುವವರು ಮಹಾರಾಷ್ಟ್ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ನೋಂದಾಯಿತ ಕಾರ್ಮಿಕರ ಮೊದಲ ಇಬ್ಬರು ಮಕ್ಕಳಿಗೆ ಪದವಿ ಓದಲು ವರ್ಷಕ್ಕೆ 20,000, ಎಂಜಿನಿಯರಿಂಗ್‌ಗೆ 60,000, ವೈದ್ಯಕೀಯಕ್ಕೆ 1 ಲಕ್ಷ ರೂ. ನೆರವಿದೆ. ನೋಂದಣಿ ನವೀಕರಿಸದೆ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ.

ಹೋಟೆಲ್, ಅಂಗಡಿ, ಕಾರ್ಖಾನೆ ನೌಕರರು: ಸಂಬಳದ ಚೀಟಿಯಲ್ಲಿ ಜೂನ್ ಮತ್ತು ಡಿಸೆಂಬರ್ ತಿಂಗಳು ಕಾರ್ಮಿಕ ಕಲ್ಯಾಣ ನಿಧಿಗೆ ಸಣ್ಣ ಮೊತ್ತ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಮಹಾರಾಷ್ಟ್ರ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ನೀಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.

ಇಎಸ್‌ಐ ಇರುವವರು: ಇಎಸ್‌ಐ ವಿಮೆ ಇರುವ ನೌಕರರ ಮಕ್ಕಳಿಗೆ ಇಎಸ್‌ಐಸಿ ಮೆಡಿಕಲ್ ಕಾಲೇಜುಗಳಲ್ಲಿ ಪ್ರತ್ಯೇಕ ಕೋಟಾ ಇದೆ. ನೀಟ್ ಬರೆದವರು ಇದನ್ನು ಮರೆಯಬಾರದು. ಇಂತಹ ಕಾಲೇಜುಗಳು ಬೆಂಗಳೂರು ಮತ್ತು ಕಲಬುರಗಿಯಲ್ಲೂ ಇವೆ.

ಮುಂಬೈ ಕನ್ನಡಿಗರ ಸಂಘಗಳ ನೆರವು

ಸರ್ಕಾರದ ಪೋರ್ಟಲ್‌ಗಳು ಬರುವುದಕ್ಕೆ ಬಹಳ ಮೊದಲೇ ಮುಂಬೈಯ ಕನ್ನಡ, ತುಳು ಸಂಘಗಳು ಮಕ್ಕಳನ್ನು ಓದಿಸಿವೆ. ಹಗಲು ಹೋಟೆಲ್‌ನಲ್ಲಿ ದುಡಿದ ಹುಡುಗರು ಸಂಜೆ ಸಂಘಗಳ ರಾತ್ರಿ ಶಾಲೆಯಲ್ಲಿ ಕಲಿತು ಪದವೀಧರರಾದರು. ಆ ಪರಂಪರೆ ಇಂದು ವಿದ್ಯಾರ್ಥಿವೇತನದ ರೂಪದಲ್ಲಿ ಮುಂದುವರಿದಿದೆ.

1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಿಕ್ಷಣ ಸಂಕುಲ ಜೋಗೇಶ್ವರಿಯ ಪಕ್ಕದ ಅಂಧೇರಿ ಪಶ್ಚಿಮದಲ್ಲಿದೆ. ಕೆನರಾ ಸಾರಸ್ವತ ಅಸೋಸಿಯೇಷನ್ 1911ರದ್ದು. 1927ರಲ್ಲಿ ಸ್ಥಾಪನೆಯಾದ ಬಂಟರ ಸಂಘಕ್ಕೆ ಜೋಗೇಶ್ವರಿ-ದಹಿಸರ್ ಪ್ರಾದೇಶಿಕ ಸಮಿತಿ ಇದೆ. 1932ರ ಬಿಲ್ಲವರ ಅಸೋಸಿಯೇಷನ್ ಉಪನಗರಗಳಲ್ಲಿ ಸ್ಥಳೀಯ ಕಚೇರಿಗಳನ್ನು ಹೊಂದಿದೆ. ಇಂತಹ ಸಂಘಗಳ ನೆರವು ಹೆಚ್ಚಾಗಿ ಆಯಾ ಸಮುದಾಯದವರಿಗೆ. ಹತ್ತಿರದ ಗೋರೆಗಾಂವ್ ಕರ್ನಾಟಕ ಸಂಘದಂತಹ ಭಾಷೆಯ ಆಧಾರದ ಸಂಘಗಳಲ್ಲಿ ಮಾಹಿತಿ, ಮಾರ್ಗದರ್ಶನ ಕೇಳಬಹುದು.

ಸಂಘದ ನೆರವಿನ ಮೊತ್ತ ಸರ್ಕಾರದಷ್ಟು ದೊಡ್ಡದಿಲ್ಲದಿರಬಹುದು. ಆದರೆ ಅದಕ್ಕೆ ಎರಡು ಅನುಕೂಲಗಳಿವೆ. ಡೊಮಿಸೈಲ್, 1967ರ ಪುರಾವೆ ಇಲ್ಲಿ ಅಡ್ಡ ಬರುವುದಿಲ್ಲ. ಮನೆಯ ಪರಿಸ್ಥಿತಿಯನ್ನು ಎದುರಿಗೆ ಕೂತು ಹೇಳಿಕೊಳ್ಳಬಹುದು. ಫಲಿತಾಂಶ ಬಂದ ಕೂಡಲೇ ಸ್ಥಳೀಯ ಸಮಿತಿಯಲ್ಲಿ ಅರ್ಜಿ ನಮೂನೆ ಕೇಳಿ, ಮುಂಬೈಯ ಕನ್ನಡ ಪತ್ರಿಕೆಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ. ನೆರವು ಕೇಳಲು ಸಂಕೋಚ ಬೇಡ. ಆ ನಿಧಿ ಇರುವುದೇ ಇದಕ್ಕಾಗಿ.

ಟ್ರಸ್ಟ್ ಮತ್ತು ಕಂಪನಿಗಳ ವಿದ್ಯಾರ್ಥಿವೇತನ

ರಿಲಯನ್ಸ್ ಫೌಂಡೇಶನ್ ಪದವಿ ವಿದ್ಯಾರ್ಥಿವೇತನದಲ್ಲಿ ಇಡೀ ಕೋರ್ಸ್‌ಗೆ 2 ಲಕ್ಷ ರೂ.ವರೆಗೆ ಸಿಗುತ್ತದೆ. ಮೊದಲ ವರ್ಷದ ಪದವಿ ವಿದ್ಯಾರ್ಥಿಗಳು ಆನ್‌ಲೈನ್ ಅಭಿರುಚಿ ಪರೀಕ್ಷೆ ಬರೆಯಬೇಕು. ವಿಜ್ಞಾನ, ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ ಇನ್ಫೋಸಿಸ್ ಫೌಂಡೇಶನ್‌ನ ಸ್ಟೆಮ್ ಸ್ಟಾರ್ಸ್ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ನೆರವಿದೆ. ಪಾಲಿಟೆಕ್ನಿಕ್ ಡಿಪ್ಲೊಮಾ ಸೇರುವವರಿಗೆ ಮುಂಬೈ ಮೂಲದ ಕೆ.ಸಿ. ಮಹೀಂದ್ರ ಎಜುಕೇಶನ್ ಟ್ರಸ್ಟ್‌ನ ಅಖಿಲ ಭಾರತ ಪ್ರತಿಭಾ ವಿದ್ಯಾರ್ಥಿವೇತನವಿದೆ. ಮುಂದೆ ವಿದೇಶದಲ್ಲಿ ಓದುವ ಆಸೆ ಇರುವವರಿಗೆ 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಸಾಲದ ರೂಪದ ನೆರವು ಕೊಡುತ್ತದೆ.

ಖಾಸಗಿ ನೆರವನ್ನು ಕೆಲವೊಮ್ಮೆ ಸರ್ಕಾರಿ ವಿದ್ಯಾರ್ಥಿವೇತನದ ಜೊತೆಗೂ ಪಡೆಯಬಹುದು. ಅರ್ಜಿಯಲ್ಲಿ ಬೇರೆ ನೆರವಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ.

ಕೊನೆಯ ದಾರಿ: ಶಿಕ್ಷಣ ಸಾಲ

ಇಷ್ಟೆಲ್ಲಾ ಆದಮೇಲೂ ಹಣ ಸಾಲದಿದ್ದರೆ ಬ್ಯಾಂಕ್ ಸಾಲ ನೋಡಿ. ಬಡ್ಡಿ ಅಂಗಡಿಗೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 6ರಂದು ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿತು. ಸರ್ಕಾರ ಗುರುತಿಸಿದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡಮಾನ ಮತ್ತು ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷ ರೂ. ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಮರುಪಾವತಿ ಶುರುವಾಗುವವರೆಗಿನ ಅವಧಿಯಲ್ಲಿ ಶೇ. 3ರಷ್ಟು ಬಡ್ಡಿ ಸಹಾಯಧನವಿದೆ. 5 ಲಕ್ಷ ಸಾಲಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 15,000 ರೂ. ಆಗುತ್ತದೆ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿದ್ದರೆ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಕಂತು ಕಟ್ಟುವುದು ಶುರುವಾಗುವುದು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ. ಸೇರಬೇಕೆಂದಿರುವ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳಿ.

ಹೆಸರಿನಲ್ಲೇ ತೊಡಕು: ದಾಖಲೆಗಳನ್ನು ಹೀಗೆ ಸರಿಪಡಿಸಿ

ಅರ್ಹತೆ ಇದ್ದೂ ಹಣ ಬರದಿರಲು ಕಾರಣ ಹೆಚ್ಚಾಗಿ ಈ ಮೂರು.

ಒಂದು, ಹೆಸರಿನ ವ್ಯತ್ಯಾಸ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಮೊದಲು ಮನೆತನದ ಹೆಸರು, ನಂತರ ಸ್ವಂತ ಹೆಸರು, ತಂದೆಯ ಹೆಸರು ಬರುತ್ತದೆ. ಕರ್ನಾಟಕದ ದಾಖಲೆಯಲ್ಲಿ ಹೆಸರು ಮತ್ತು ಇನಿಷಿಯಲ್. ತಂದೆಯ ಆಧಾರ್‌ನಲ್ಲಿ ಇನಿಷಿಯಲ್ ಇದ್ದು, ಮಗಳ ಅಂಕಪಟ್ಟಿಯಲ್ಲಿ ಪೂರ್ತಿ ಹೆಸರಿದ್ದರೆ ಪರಿಶೀಲನೆಯಲ್ಲಿ ಅರ್ಜಿ ನಿಲ್ಲಬಹುದು. ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸುವುದು ಸುಲಭದ ದಾರಿ. ದೊಡ್ಡ ವ್ಯತ್ಯಾಸವಿದ್ದರೆ ಮಹಾರಾಷ್ಟ್ರ ಸರ್ಕಾರದ ರಾಜ್ಯಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಬೇಕಾಗುತ್ತದೆ.

ಎರಡು, ಬ್ಯಾಂಕ್ ಖಾತೆ. ಸರ್ಕಾರದ ಹಣ ಬರುವುದು ಆಧಾರ್ ಜೋಡಣೆಯಾಗಿ ಡಿಬಿಟಿಗೆ ಸಕ್ರಿಯವಾಗಿರುವ ಖಾತೆಗೆ ಮಾತ್ರ. ಎರಡು ಮೂರು ಖಾತೆ ಇದ್ದರೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಮೈ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಯಾವ ಬ್ಯಾಂಕ್ ಎಂಬುದು ತಿಳಿಯುತ್ತದೆ. ಅರ್ಜಿ ಹಾಕಿದ ಮೇಲೆ ಆ ಖಾತೆ ಮುಚ್ಚಬೇಡಿ.

ಮೂರು, ಆದಾಯ ಪ್ರಮಾಣಪತ್ರ. ಜೂನ್, ಜುಲೈಯಲ್ಲಿ ಎಲ್ಲರೂ ಒಟ್ಟಿಗೆ ಅರ್ಜಿ ಹಾಕುವುದರಿಂದ ತಡವಾಗುತ್ತದೆ. ಹೊಸ ಆರ್ಥಿಕ ವರ್ಷ ಶುರುವಾದ ಏಪ್ರಿಲ್‌ನಲ್ಲೇ ಮಾಡಿಸಿ. ಸಂಬಳದ ಚೀಟಿ ಇಲ್ಲದ ಹೋಟೆಲ್ ನೌಕರರು ಮಾಲೀಕರಿಂದ ಲಿಖಿತ ಪತ್ರ ಪಡೆದುಕೊಳ್ಳಿ.

ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?

'ಸಬ್ಮಿಟ್' ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅರ್ಜಿ ಮೊದಲು ಕಾಲೇಜಿನ ಗುಮಾಸ್ತರ ಲಾಗಿನ್‌ಗೆ, ನಂತರ ಇಲಾಖೆಗೆ ಹೋಗುತ್ತದೆ. ಕಾಲೇಜಿನ ಮಟ್ಟದಲ್ಲೇ ಅದು ಉಳಿದುಬಿಡುವುದೂ ಉಂಟು. ಹದಿನೈದು ದಿನಕ್ಕೊಮ್ಮೆ ಸ್ಥಿತಿ ನೋಡಿ, ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ಹೋಗಿ ಕೇಳಿ. ಅರ್ಜಿ ಮರಳಿ ಬಂದಿದ್ದರೆ ಕಾರಣವನ್ನು ಪೋರ್ಟಲ್‌ನಲ್ಲೇ ಬರೆದಿರುತ್ತಾರೆ. ಅವಧಿ ಮುಗಿಯುವ ಮೊದಲು ತಿದ್ದಿ ಮತ್ತೆ ಸಲ್ಲಿಸಿ. ವಿದ್ಯಾರ್ಥಿವೇತನವನ್ನು ಪ್ರತಿ ವರ್ಷ ನವೀಕರಿಸಬೇಕು ಎಂಬುದನ್ನೂ ನೆನಪಿಡಿ. ಎರಡನೇ ವರ್ಷ ಅರ್ಜಿಯನ್ನೇ ಹಾಕದೆ ಹಣ ಕಳೆದುಕೊಳ್ಳುವವರಿದ್ದಾರೆ.

ಇನ್ನೊಂದು ಎಚ್ಚರಿಕೆ. ಎನ್‌ಎಸ್‌ಪಿ ಅರ್ಜಿಗೆ ಶುಲ್ಕವಿಲ್ಲ. 'ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ' ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾವ ತಿಂಗಳು ಏನು ಮಾಡಬೇಕು?

ಹನ್ನೊಂದನೇ ತರಗತಿ: ಡೊಮಿಸೈಲ್, ಜಾತಿ ಮತ್ತು ಸಿಂಧುತ್ವ ಪ್ರಮಾಣಪತ್ರಕ್ಕೆ ಅರ್ಜಿ. ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಹೊಂದಿಸಿಕೊಳ್ಳಿ.
ಏಪ್ರಿಲ್: ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯ ಬ್ಯಾಂಕ್ ಖಾತೆ.
ಮೇ, ಜೂನ್: ಫಲಿತಾಂಶದ ಕೂಡಲೇ ಸಂಘಗಳಲ್ಲಿ ವಿಚಾರಣೆ. ಅನುದಾನಿತ ಕೋರ್ಸ್, ಕ್ಯಾಪ್ ಪ್ರವೇಶಕ್ಕೆ ಆದ್ಯತೆ.
ಜುಲೈನಿಂದ ಅಕ್ಟೋಬರ್: ಎನ್‌ಎಸ್‌ಪಿ, ಮಹಾಡಿಬಿಟಿ ಅಥವಾ ಎಸ್‌ಎಸ್‌ಪಿ, ಖಾಸಗಿ ಟ್ರಸ್ಟ್‌ಗಳ ಅರ್ಜಿ. ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುವುದರಿಂದ ಆಯಾ ಪೋರ್ಟಲ್‌ನಲ್ಲೇ ಖಚಿತಪಡಿಸಿಕೊಳ್ಳಿ.
ನಂತರ: ಅರ್ಜಿಯ ಸ್ಥಿತಿ ಪರಿಶೀಲನೆ, ಹಾಜರಾತಿ ಕಾಯ್ದುಕೊಳ್ಳುವುದು, ಮುಂದಿನ ವರ್ಷದ ನವೀಕರಣ.

ಇಂದೇ ಒಂದು ಕೆಲಸ ಮಾಡಿ. ಊರಿಗೆ ಫೋನ್ ಮಾಡಿ ಅಜ್ಜನ ಹಳೆಯ ಪೆಟ್ಟಿಗೆಯಲ್ಲಿರುವ ಕಾಗದಗಳ ಫೋಟೊ ತರಿಸಿಕೊಳ್ಳಿ. ಜೋಗೇಶ್ವರಿಯ ಮನೆಯ ಕಪಾಟಿನಲ್ಲಿರುವ ದಾಖಲೆಗಳ ಜೊತೆ ಒಂದೇ ಫೈಲ್‌ನಲ್ಲಿ ಸೇರಿಸಿಡಿ. ಎರಡು ಊರಿನ ಕಾಗದಗಳು ಒಂದು ಕಡೆ ಬಂದರೆ ನಿಮ್ಮ ಮಗುವಿಗೆ ಯಾವ ರಾಜ್ಯದ ಯಾವ ಯೋಜನೆ ಎಂಬುದು ಅರ್ಧ ಗಂಟೆಯಲ್ಲಿ ಸ್ಪಷ್ಟವಾಗುತ್ತದೆ.